ಹಲಸಿನ ಬೀಜದ ಮತ

ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ, ದಾಸವಾಳದ ಗಿಡದ ಪಕ್ಕದಲ್ಲಿ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತಿದ್ದ ಅಣ್ಣನ ಮಗ ಕೂಗಿಕೊಂಡು ಜಗುಲಿಗೆ ಓಡಿಬಂದ. ಭಾರಿ ಮಳೆಯ ಕಾರಣ ನಾಳೆಯೂ ಶಾಲೆಗಳಿಗೆ ರಜೆ ಎಂದು ಆದೇಶ ಬಂದಿತ್ತು. ಹೊಸನಗರ ತಾಲ್ಲೂಕಿನ ತವರುಮನೆಗೆ ನಾನು ಶಿವಮೊಗ್ಗದಿಂದ ಬಂದು ಎರಡು ದಿನವಾಗಿತ್ತು. ಕರೆಂಟು ಹೋಗಿ ಒಂದು ದಿನವಾಗಿತ್ತು. ಇನ್ವರ್ಟರ್ ಬೆಳಗ್ಗೆಯೇ ಕೈಕೊಟ್ಟಿತ್ತು. ಅಡಿಕೆಗೆ ಕೊಳೆ ಬಂದಿದೆ, ಔಷಧಿ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ ಎಂದು ಅಣ್ಣ ತೋಟದಿಂದ ಬಂದವನು ಕಂಬಳಿ ಕೊಡವಿ ಸುಮ್ಮನೆ ಕುಳಿತಿದ್ದ. ಮಕ್ಕಳಿಗೆ ಮಾತ್ರ ಹಬ್ಬ.

ಆ ರಾತ್ರಿ ನನ್ನ ಟ್ಯಾಬ್‌ನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಎಲ್ಲರೂ ಒಟ್ಟಿಗೆ ‘ಫ್ಲೋ’ ನೋಡಿದೆವು. ಊರಿಗೆ ಹೊರಡುವ ಮುನ್ನ ಡೌನ್‌ಲೋಡ್ ಮಾಡಿಕೊಂಡು ತಂದಿದ್ದ ಸಿನಿಮಾ ಅದು. ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್ 2024ರಲ್ಲಿ ಮಾಡಿದ್ದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ರೂಪಿಸಿದ ಈ ಚಿತ್ರ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆಯಿತು. ಅದರಲ್ಲಿ ಒಂದೇ ಒಂದು ಮಾತಿಲ್ಲ. ಒಂದು ಕಪ್ಪು ಬೆಕ್ಕು, ಏರುತ್ತಲೇ ಹೋಗುವ ನೀರು, ತೇಲಿಬಂದ ಒಂದು ದೋಣಿ, ಆ ದೋಣಿಗೆ ಒಂದೊಂದಾಗಿ ಸೇರಿಕೊಳ್ಳುವ ಪ್ರಾಣಿಗಳು. ಭಾಷೆಯ ಗೊಡವೆಯಿಲ್ಲದ ಕಾರಣ ನನ್ನ ಅಮ್ಮನೂ ಮೊದಲಿನಿಂದ ಕೊನೆಯವರೆಗೆ ಕದಲದೆ ನೋಡಿದಳು. ಹೆಸರುಗಳು ಬರಲು ಶುರುವಾದ ಕೂಡಲೇ ಮಕ್ಕಳು ಬ್ಯಾಟರಿ ಉಳಿಯಲಿ ಎಂದು ಟ್ಯಾಬ್ ಆರಿಸಿದರು.

ಜಗಳ ಹುಟ್ಟಿದ್ದು ಆಮೇಲೆ. ಇದಕ್ಕಿಂತ ಒಳ್ಳೆಯ ಅನಿಮೇಷನ್ ಸಿನಿಮಾ ಇಲ್ಲವೇ ಇಲ್ಲ ಎಂದಳು ಒಂಬತ್ತನೇ ತರಗತಿಯ ಅಣ್ಣನ ಮಗಳು. ‘ಕುಂಗ್ ಫು ಪಾಂಡ’ದ ಮುಂದೆ ಇದೇನು ಮಹಾ ಎಂದ ಅವಳ ತಮ್ಮ. ಪಕ್ಕದ ಮನೆಯ ಅವಳಿ ಹುಡುಗಿಯರು, ಚಿಕ್ಕಪ್ಪನ ಮನೆಯಿಂದ ಬಂದಿದ್ದ ಅಣ್ಣ–ತಂಗಿ ಎಲ್ಲರೂ ದನಿಗೂಡಿಸಿದರು. ಹದಿನಾರು ಸಿನಿಮಾ ಆರಿಸಿ ನಾಕೌಟ್ ಪಂದ್ಯ ಆಡಿಸೋಣ, ಎರಡೆರಡು ಸಿನಿಮಾ ಎದುರುಬದುರು ನಿಲ್ಲಲಿ, ಮನೆಯವರೆಲ್ಲ ಮತ ಹಾಕಲಿ ಎಂದು ನಾನೇ ಹೇಳಿದೆ. ಪಕ್ಕದ ಮನೆಯ ಅವಳಿಗಳ ತಾಯಿಯೂ ಸೇರಿ ಹನ್ನೊಂದು ಮಂದಿಯಾದೆವು. ಸಂಖ್ಯೆ ಬೆಸವಾದದ್ದು ಒಳ್ಳೆಯದೇ ಆಯಿತು, ಸರಿಸಮ ಎಂಬ ಮಾತೇ ಬರುವುದಿಲ್ಲ. ಹದಿನಾರು ತಂಡಗಳ ನಾಕೌಟ್ ಎಂದರೆ ಹದಿನೈದು ಪಂದ್ಯ. ಒಂದೊಂದು ಪಂದ್ಯವೂ ಒಂದೊಂದು ಸಿನಿಮಾವನ್ನು ಮನೆಗೆ ಕಳಿಸುತ್ತದೆ, ಕೊನೆಗೆ ಒಂದು ಉಳಿಯಬೇಕು.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪಟ್ಟಿ ಬರೆದು, ಸೇರಿನಲ್ಲಿ ಚೀಟಿ ಹಾಕಿ ಕುಲುಕಿ ಎತ್ತಿದೆವು. ಮೊದಲ ಸುತ್ತಿನಲ್ಲೇ ‘ವಾಲ್-ಇ’ಗೆ ‘ಅಪ್’ ಎದುರಾಯಿತು. ಒಂದೇ ಪಿಕ್ಸಾರ್ ಸಂಸ್ಥೆಯಿಂದ 2008ರಲ್ಲೊಂದು, 2009ರಲ್ಲೊಂದು ಬಂದ ಸಿನಿಮಾಗಳು. ಎರಡನ್ನೂ ಪ್ರಾಣದಂತೆ ಪ್ರೀತಿಸುವ ಅಣ್ಣನ ಮಗಳ ಕಣ್ಣಲ್ಲಿ ನೀರು ತುಂಬಿತು. ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಊರಿನ ವಾಲಿಬಾಲ್ ಪಂದ್ಯಾವಳಿಗಳನ್ನು ನಡೆಸಿ ಅನುಭವವಿರುವ ಅಣ್ಣ, ಬಲವಾದ ತಂಡಗಳನ್ನು ಪಟ್ಟಿಯ ಬೇರೆ ಬೇರೆ ಭಾಗಕ್ಕೆ ಹಾಕಬೇಕು, ಆಗ ಅವು ಕೊನೆಯ ಸುತ್ತುಗಳಲ್ಲಿ ಮಾತ್ರ ಎದುರಾಗುತ್ತವೆ ಎಂದ. ಆದರೆ ಯಾವುದು ಬಲವಾದದ್ದು ಎಂದು ಮೊದಲೇ ನಾವೇ ತೀರ್ಮಾನಿಸಿದರೆ ಮತ ಯಾಕೆ? ಚೀಟಿ ಎತ್ತಿದ ಮೇಲೆ ಚೀಟಿಯೇ ದೇವರು ಎಂದು ನಾನು ಪಟ್ಟು ಹಿಡಿದೆ. ಆ ಪಟ್ಟು ಸರಿಯೇ ಎಂಬ ಪ್ರಶ್ನೆ ನನ್ನನ್ನು ಮರುದಿನ ಸಂಜೆ ಕಾಡಿತು.

ಮತಪತ್ರವಾಗಿ ಒದಗಿದ್ದು ಹಲಸಿನ ಬೀಜ. ಮಳೆಗಾಲಕ್ಕೆಂದು ಅತ್ತಿಗೆ ಕೆಮ್ಮಣ್ಣು ಸವರಿ ಒಣಗಿಸಿ ಡಬ್ಬದಲ್ಲಿ ಇಟ್ಟಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಬೀಜ. ಕತ್ತಲೆ ಕೋಣೆಯಲ್ಲಿ ಎಡಕ್ಕೊಂದು ಹಿತ್ತಾಳೆಯ ತಂಬಿಗೆ, ಬಲಕ್ಕೊಂದು ಮಣ್ಣಿನ ಕುಡಿಕೆ ಇಟ್ಟೆವು. ಎಡಗಡೆಯದು ‘ದಿ ಲಯನ್ ಕಿಂಗ್’, ಬಲಗಡೆಯದು ‘ಟಾಯ್ ಸ್ಟೋರಿ’. ಇಡಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಚಿತ್ರ ‘ಟಾಯ್ ಸ್ಟೋರಿ’, 1995ರದ್ದು. ಅದಕ್ಕೆ ಹಿಂದಿನ ವರ್ಷ ಬಂದ ‘ದಿ ಲಯನ್ ಕಿಂಗ್’ ಕೈಯಲ್ಲಿ ಚಿತ್ರ ಬರೆಯುವ ಕಾಲದ್ದು. ಎರಡು ಯುಗಗಳ ನಡುವಿನ ಪಂದ್ಯ ಎಂದು ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎಣಿಸಿದಾಗ ಸಿಂಹಕ್ಕೆ ಒಂಬತ್ತು, ಆಟಿಕೆಗೆ ಎರಡು.

ಅವಳಿಗಳಲ್ಲಿ ಒಬ್ಬಳು ಆಗ ಮೆಲ್ಲನೆ ಹೇಳಿದಳು: “ಅತ್ತೆ, ತಂಬಿಗೆಗೆ ಹಾಕಿದರೆ ಠಣ್ ಎನ್ನುತ್ತದೆ, ಕುಡಿಕೆಗೆ ಹಾಕಿದರೆ ಸದ್ದೇ ಬರುವುದಿಲ್ಲ. ಹೊರಗೆ ಎಲ್ಲರಿಗೂ ಕೇಳಿಸುತ್ತದೆ.” ನಿಜವಾಗಿತ್ತು. ಮೊದಲು ಒಳಗೆ ಹೋದದ್ದು ಕಾಲೇಜಿನಲ್ಲಿ ಓದುವ ಚಿಕ್ಕಪ್ಪನ ಮೊಮ್ಮಗ. ಅವನ ಬೀಜ ಠಣ್ ಎಂದದ್ದನ್ನು ಕೇಳಿಸಿಕೊಂಡ ಚಿಕ್ಕವರೆಲ್ಲ ಠಣ್ ಎನಿಸಲೆಂದೇ ಹಾಕಿದ್ದರು. ಪಂದ್ಯವನ್ನು ರದ್ದು ಮಾಡಿದೆ. ಎರಡೂ ಪಾತ್ರೆಗಳ ತಳಕ್ಕೆ ಹಳೆಯ ಪಂಚೆಯ ಚೂರು ಹಾಸಿ ಮತ್ತೆ ಮತ ಹಾಕಿಸಿದೆ. ಈ ಸಲ ಸಿಂಹಕ್ಕೆ ಆರು, ಆಟಿಕೆಗೆ ಐದು. ಗೆದ್ದದ್ದು ಅದೇ ಸಿಂಹವಾದರೂ ಮೂರು ಮಕ್ಕಳು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದರು. ಬಟ್ಟೆಯ ಚೂರು ಮಾಡಿದ ಆ ಕೆಲಸ ನನಗೆ ಇಡೀ ದಿನದ ಸಂತೋಷಗಳಲ್ಲಿ ಒಂದು.

ಎಲ್ಲ ಸಿನಿಮಾಗಳನ್ನೂ ಎಲ್ಲರೂ ನೋಡಿರಲಿಲ್ಲ. ತೋರಿಸಲು ಚಾರ್ಜಿಲ್ಲ. ಹಾಗಾಗಿ ನೋಡಿದವರು ನೋಡದವರಿಗೆ ಕಥೆ ಹೇಳಬೇಕು, ಕಥೆ ಕೇಳಿದ ಮೇಲೆ ಮತ ಎಂದು ಗೊತ್ತುಮಾಡಿದೆವು. ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಜಗುಲಿಯಲ್ಲಿ ನಡೆದದ್ದು ಅದೇ. ಆ ಹದಿನಾರರಲ್ಲಿ ನಮ್ಮ ಮಕ್ಕಳು ಕನ್ನಡದಲ್ಲಿ ನೋಡಿದ್ದು ‘ಮಹಾವತಾರ ನರಸಿಂಹ’ ಒಂದನ್ನೇ, ಶಿವಮೊಗ್ಗದ ಚಿತ್ರಮಂದಿರದಲ್ಲಿ. ಉಳಿದವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿ, ಅರ್ಧ ಮಾತು ಹಿಡಿದು, ಅರ್ಧ ಊಹಿಸಿಕೊಂಡವರು. ಇದು ನನಗೆ ಯಾವತ್ತೂ ನೋವಿನ ಸಂಗತಿ. ಆದರೆ ಆ ದಿನ ಅವೇ ಕಥೆಗಳು ಅವರ ಬಾಯಲ್ಲಿ ಕನ್ನಡವಾದವು. ‘ದಿ ಲಯನ್ ಕಿಂಗ್’ನ ಸಿಂಹದ ಮರಿ ಸಿಂಬನ ಚಿಕ್ಕಪ್ಪನ ಮೋಸವನ್ನು ಅಣ್ಣನ ಮಗ ಯಕ್ಷಗಾನದ ಒಡ್ಡೋಲಗದಂತೆ ಕುಣಿದು ತೋರಿಸಿದ. ‘ರ‍್ಯಾಟಟೂಯಿ’ ಚಿತ್ರದಲ್ಲಿ ಕಟುವಾದ ವಿಮರ್ಶಕ ಒಂದು ತುತ್ತು ಬಾಯಿಗಿಟ್ಟೊಡನೆ ತಾಯಿಯ ಅಡುಗೆಮನೆಗೆ ಮರಳುವ ಗಳಿಗೆಯನ್ನು ಅತ್ತಿಗೆ ಪತ್ರೊಡೆಗೆ ಕೆಸುವಿನೆಲೆ ಸುತ್ತುತ್ತಲೇ ಹೇಳಿದಳು. ಆ ಸಿನಿಮಾ ‘ಫ್ಲೋ’ ಎದುರು ಒಂದೇ ಬೀಜದಿಂದ ಸೋತಾಗ ಅವಳು ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಎಲ್ಲರಿಗಿಂತ ಚೆನ್ನಾಗಿ ಹೇಳಿದವರು ಅವಳಿಗಳು. ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ ‘ಮೈ ನೇಬರ್ ಟೊಟೊರೊ’ ಅವರ ಪಾಲಿಗೆ ಬಂದಿತ್ತು. ಅಕ್ಕ–ತಂಗಿ ಇಬ್ಬರು ಮಳೆಯಲ್ಲಿ, ಕತ್ತಲಾಗುತ್ತಿರುವ ಕಾಡಿನಂಚಿನ ಬಸ್ ನಿಲ್ದಾಣದಲ್ಲಿ ಅಪ್ಪನಿಗಾಗಿ ಕಾಯುತ್ತಾರೆ. ತಂಗಿಗೆ ನಿದ್ದೆ ಬಂದು ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಆಗ ಪಕ್ಕದಲ್ಲಿ, ತಲೆಯ ಮೇಲೊಂದು ಎಲೆ ಇಟ್ಟುಕೊಂಡ ಭಾರಿ ಪ್ರಾಣಿ ಬಂದು ನಿಲ್ಲುತ್ತದೆ. ಹುಡುಗಿ ಅದಕ್ಕೆ ಅಪ್ಪನ ಕೊಡೆ ಕೊಡುತ್ತಾಳೆ. ಕೊಡೆಯ ಮೇಲೆ ಟಪ್ ಎಂದು ಬೀಳುವ ಹನಿಯ ಸದ್ದಿಗೆ ಆ ಪ್ರಾಣಿ ಬೆರಗಾಗುತ್ತದೆ. ಅವಳಿಗಳಲ್ಲಿ ಒಬ್ಬಳು ಇನ್ನೊಬ್ಬಳನ್ನು ಬೆನ್ನಿಗೆ ಹಾಕಿಕೊಂಡು, ಜಗುಲಿಯ ಅಂಚಿನಲ್ಲಿ ಮಾಡಿನ ನೀರು ಸುರಿಯುವ ಜಾಗದಲ್ಲೇ ಕೊಡೆ ಬಿಚ್ಚಿ ನಿಂತಳು. ಹನಿಯ ಸದ್ದನ್ನು ಯಾರೂ ಬಾಯಲ್ಲಿ ಮಾಡಬೇಕಾಗಿರಲಿಲ್ಲ. ದಿನವೂ ಎರಡು ಕಿಲೋಮೀಟರ್ ನಡೆದು ರಸ್ತೆಗೆ ಬಂದು, ಮಳೆಯಲ್ಲಿ ಬಸ್ಸಿಗೆ ಕಾಯುವ ಮಕ್ಕಳು ಅವರು. ‘ಟೊಟೊರೊ’ ಮೊದಲು ನೀಮೋ ಮೀನನ್ನು, ಆಮೇಲೆ ಸಿಂಹವನ್ನು ಸೋಲಿಸಿತು.

ಎಂಟರ ಘಟ್ಟದಲ್ಲಿ ‘ಫ್ಲೋ’ಗೆ ಎದುರಾದದ್ದು 2017ರ ‘ಕೋಕೋ’. ಮೆಕ್ಸಿಕೋ ದೇಶದಲ್ಲಿ ಸತ್ತವರನ್ನು ನೆನೆಯುವ ಹಬ್ಬದ ಕಥೆ ಅದು. ಮನೆಯ ಪೀಠದಲ್ಲಿ ಫೋಟೋ ಇಟ್ಟರೆ ಮಾತ್ರ ಆ ಹಿರಿಯರು ಹಬ್ಬದ ರಾತ್ರಿ ಗಡಿ ದಾಟಿ ಬರಬಲ್ಲರು. ನೆನೆಯುವವರೇ ಇಲ್ಲವಾದರೆ ಅವರು ಅಳಿದುಹೋಗುತ್ತಾರೆ. ಅಣ್ಣ ಆ ಕಥೆ ಹೇಳುವಾಗ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡಲಿಲ್ಲ, ಆದರೂ ನಾವೆಲ್ಲ ನೋಡಿದೆವು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಫ್ಲೋ’ ಪರವಾಗಿ ವಾದಿಸಲು ಅಣ್ಣನ ಮಗಳು ಎದ್ದು ನಿಂತವಳು ತಡವರಿಸಿದಳು. ಮಾತಿಲ್ಲದ ಸಿನಿಮಾವನ್ನು ಮಾತಿನಲ್ಲಿ ಹೊಗಳುವುದು ಕಷ್ಟ. ಆಗ ಅಮ್ಮ ತಾನಾಗಿ ಬಾಯಿ ತೆರೆದಳು.

“ಆ ದೊಡ್ಡ ಬೆಕ್ಕಿನ ಬೊಂಬೆ ಇತ್ತಲ್ಲ, ಅದರ ತಲೆಯವರೆಗೂ ನೀರು ಬಂತು. ನೀರು ಹಾಗೇ ಬರುವುದು. ಅವಸರ ಮಾಡುವುದಿಲ್ಲ” ಎಂದಳು. “ನಮ್ಮ ಮನೆಯ ಬೆಕ್ಕು ಲಾರಿ ಹತ್ತಲಿಲ್ಲ. ಎರಡು ಸಲ ಗೋಣಿಗೆ ಹಾಕಿದೆವು, ಎರಡು ಸಲವೂ ಹರಿದುಕೊಂಡು ಹೋಯಿತು.”

ಅಮ್ಮನ ತವರು ಶರಾವತಿ ಕಣಿವೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಊರು ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆದ್ದು ಕಾಣಿಸುತ್ತದೆ, ಜನ ನೋಡಲು ಹೋಗುತ್ತಾರೆ. ಅಮ್ಮ ಒಮ್ಮೆಯೂ ಹೋಗಿಲ್ಲ. ಮುಳುಗಡೆಯ ಎಷ್ಟೋ ಸಂಗತಿಗಳನ್ನು ಅವಳ ಬಾಯಲ್ಲಿ ಕೇಳಿದ್ದೇನೆ. ಈ ಬೆಕ್ಕಿನ ವಿಷಯ ಅಂದೇ ಮೊದಲು ಕೇಳಿದ್ದು.

ಬೀಜಗಳನ್ನು ಎಣಿಸಿದೆವು. ‘ಕೋಕೋ’ಗೆ ಏಳು, ‘ಫ್ಲೋ’ಗೆ ನಾಲ್ಕು. ಅಮ್ಮನ ಮಾತಿಗೆ ಕರಗಿ ಯಾರೂ ತಮ್ಮ ಮತ ಬದಲಿಸಿರಲಿಲ್ಲ. ನನ್ನ ಮತ ‘ಫ್ಲೋ’ಗೇ ಬಿದ್ದಿತ್ತು, ಆದರೂ ಮಕ್ಕಳ ಈ ನಿಷ್ಠೆಯ ಬಗ್ಗೆ ನನಗೆ ಹೆಮ್ಮೆಯಾಯಿತು. ಅಮ್ಮ “ಆಯಿತು ಬಿಡಿ” ಎಂದು ದನಕ್ಕೆ ಅಕ್ಕಚ್ಚು ಕೊಡಲು ಎದ್ದುಹೋದಳು.

ಉಳಿದದ್ದು ಬೇಗ ಮುಗಿಯಿತು. ಸೆಮಿಫೈನಲ್‌ನಲ್ಲಿ ‘ಟೊಟೊರೊ’ ‘ಕೋಕೋ’ವನ್ನು ಎಂಟು–ಮೂರರಿಂದ ಸೋಲಿಸಿತು. ಇನ್ನೊಂದು ಕಡೆಯಿಂದ ಪಾಂಡ ಮೇಲೆ ಬಂದಿತ್ತು. ಫೈನಲ್ ಒಂಬತ್ತು–ಎರಡು. ಅವಳಿಗಳು ಕೊಡೆಯನ್ನೇ ಕಪ್ಪಿನಂತೆ ಎತ್ತಿ ಹಿಡಿದು ಅಂಗಳದಲ್ಲಿ ನೆನೆದರು.

ಅಣ್ಣನ ಮಗಳು ಮಾತ್ರ ಕ್ಯಾಲೆಂಡರ್ ಹಾಳೆ ಬಿಟ್ಟು ಏಳಲಿಲ್ಲ. “ಅತ್ತೆ, ‘ಫ್ಲೋ’ ಮತ್ತು ‘ಟೊಟೊರೊ’ ಎದುರಾಗಲೇ ಇಲ್ಲವಲ್ಲ. ಒಂದು ಸಲ ಆಡಿಸೋಣ” ಎಂದಳು. ಪಂದ್ಯಾವಳಿಯ ಲೆಕ್ಕಕ್ಕೆ ಸೇರದ ಪಂದ್ಯವೆಂದು ಎಲ್ಲರೂ ಒಪ್ಪಿ ಮತ್ತೆ ಬೀಜ ಹಾಕಿದರು. ‘ಫ್ಲೋ’ ಏಳು, ‘ಟೊಟೊರೊ’ ನಾಲ್ಕು.

ಜಗುಲಿ ಸ್ತಬ್ಧವಾಯಿತು. ‘ಕೋಕೋ’ಗೆ ಸೋತ ಸಿನಿಮಾ, ‘ಕೋಕೋ’ವನ್ನು ಸೋಲಿಸಿದ ಸಿನಿಮಾವನ್ನೇ ಸೋಲಿಸಿತ್ತು. ಯಾರೋ ಮೋಸ ಮಾಡಿದ್ದಾರೆ ಎಂದ ಅವಳ ತಮ್ಮ. ಅವಳು ಒಬ್ಬೊಬ್ಬರನ್ನೂ ಕೇಳಿ ಮೂರು ಸಿನಿಮಾಗಳನ್ನು ಅವರವರ ಇಷ್ಟದ ಕ್ರಮದಲ್ಲಿ ಬರೆದುಕೊಂಡಳು. ನಾಲ್ವರು ಚಿಕ್ಕವರಿಗೆ ‘ಟೊಟೊರೊ’, ‘ಕೋಕೋ’, ಆಮೇಲೆ ‘ಫ್ಲೋ’. ಅಣ್ಣ, ಅತ್ತಿಗೆ, ಪಕ್ಕದ ಮನೆಯಾಕೆ ಮೂವರಿಗೆ ‘ಕೋಕೋ’, ‘ಫ್ಲೋ’, ‘ಟೊಟೊರೊ’. ಅಮ್ಮ, ನಾನು, ಅವಳು, ಕಾಲೇಜು ಹುಡುಗ ನಾಲ್ವರಿಗೆ ‘ಫ್ಲೋ’, ‘ಟೊಟೊರೊ’, ‘ಕೋಕೋ’. ಯಾರದೂ ತಪ್ಪಿಲ್ಲ. ಒಬ್ಬೊಬ್ಬರ ಮನಸ್ಸು ನೇರವಾಗಿಯೇ ಇದೆ, ಹನ್ನೊಂದು ಮನಸ್ಸು ಸೇರಿದಾಗ ಸುತ್ತು ಬೀಳುತ್ತದೆ. ಫ್ರಾನ್ಸಿನ ಕಾಂಡೋರ್ಸೆ ಎಂಬ ಗಣಿತಜ್ಞ 1785ರಲ್ಲೇ ಇದನ್ನು ಬರೆದಿಟ್ಟಿದ್ದಾನೆ ಎಂದು ನಾನು ಅವಳಿಗೆ ಹೇಳಿದೆ. ಅವಳು ಅದಕ್ಕೂ ಮುಂದೆ ಹೋಗಿದ್ದಳು. “ಹಾಗಾದರೆ ಈ ಮೂರರಲ್ಲಿ ಮೊದಲ ಜಗಳಕ್ಕೆ ಇಳಿಯದೆ ಯಾವುದು ಉಳಿಯುತ್ತದೋ ಅದೇ ಗೆಲ್ಲುತ್ತದೆ, ಅಲ್ಲವೇ?” ಎಂದಳು. ಬೆರಳಿನಲ್ಲಿ ಲೆಕ್ಕ ಹಾಕಿ ನೋಡಿದೆ. ಹೌದು. ‘ಟೊಟೊರೊ’ವನ್ನು ಗೆಲ್ಲಿಸಿದ್ದು ಅರ್ಧ ನಾವು, ಅರ್ಧ ಸೇರಿನೊಳಗೆ ಕುಲುಕಿದ ಚೀಟಿ. ಚೀಟಿಯೇ ದೇವರು ಎಂದ ನನ್ನ ಮಾತು ನೆನಪಾಗಿ ಮನಸ್ಸು ಭಾರವಾಯಿತು. ಮುಂದಿನ ಮಳೆಗಾಲಕ್ಕೆ ಎಲ್ಲವೂ ಎಲ್ಲದರ ಎದುರು ಆಡುವಂತೆ ಲೀಗ್ ಮಾಡಬೇಕು ಎಂದಳು ಅವಳು. ಹದಿನಾರು ಸಿನಿಮಾಕ್ಕೆ ನೂರಿಪ್ಪತ್ತು ಪಂದ್ಯವಾಗುತ್ತದೆ ಎಂದೆ. “ಮಳೆ ಇದ್ದೇ ಇರುತ್ತದಲ್ಲ” ಎಂದಳು.

ಕತ್ತಲಾಗುವ ಹೊತ್ತಿಗೆ ಮತಗಳನ್ನೆಲ್ಲ ತೊಳೆದು ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟೆವು. ಸಿಪ್ಪೆ ಸಿಡಿದು ಬಿಳಿಯ ತಿರುಳು ಹಬೆಯಾಡುವಾಗ ಉಪ್ಪು ಹಚ್ಚಿಕೊಂಡು ತಿಂದರು ಮಕ್ಕಳು. ಏಳೂವರೆಗೆ ಕರೆಂಟು ಬಂತು.

ಎಲ್ಲರೂ ಊಟಕ್ಕೆ ಎದ್ದಾಗ ಅಮ್ಮ ನನ್ನ ಹತ್ತಿರ ಬಂದು, “ಆ ದೊಡ್ಡ ಮೀನು ಏನಾಯಿತೇ? ನೀರು ಇಳಿದ ಮೇಲೆ ಕಾಡಿನಲ್ಲಿ ಬಿದ್ದುಕೊಂಡಿತ್ತಲ್ಲ” ಎಂದು ಕೇಳಿದಳು. ತಿಮಿಂಗಿಲದ ವಿಷಯ. ಟ್ಯಾಬ್ ಚಾರ್ಜಿಗೆ ಹಾಕಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಸರುಗಳು ಬರುವ ಜಾಗದಿಂದ ಹಾಕಿದೆ. ಓದಲಾಗದ ಆ ಹೆಸರುಗಳನ್ನು ಅಮ್ಮ ಒಂದೊಂದಾಗಿ ಮೇಲೆ ಹೋಗಲು ಬಿಟ್ಟು ಕಾದಳು. ಎಲ್ಲ ಮುಗಿದ ಮೇಲೆ ಕಡಲು ಬಂತು. ಅದರಲ್ಲಿ ಅಂಥದೇ ಒಂದು ಬೆನ್ನು ಮೇಲೆದ್ದಿತು.

“ಇನ್ನೊಂದು ಸಲ ಹಾಕು” ಎಂದಳು.