ಕರಿಯನ ಗೂಡು: ಒಂದು ಚಳಿಗಾಲದ ದಿನಚರಿ

ನವೆಂಬರ್ 19

ಇವತ್ತು ಬೆಳಗ್ಗೆ ನಮ್ಮ ನಾಯಿ ಕರಿಯ ಒಂದೇ ಸಲಕ್ಕೆ ಏಳಲಿಲ್ಲ. ಮುಂಗಾಲು ಊರಿದ, ಹಿಂದಿನ ಕಾಲು ಎಳೆದುಕೊಂಡ, ಮಧ್ಯದಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತ, ಆಮೇಲೆ ಎದ್ದ. ಹತ್ತು ಹೆಜ್ಜೆ ಹಾಕಿದ ಮೇಲೆ ಏನೂ ಆಗದವನ ಹಾಗೆ ದಣಪೆ (ಬೇಲಿಯ ಬಾಗಿಲು) ಹತ್ತಿರ ಹೋಗಿ ಹಾಲಿನವನಿಗೆ ಬೊಗಳಿ ಬಂದ. ವಯಸ್ಸು 11. ಊರ ನಾಯಿ, ತೂಕ 17 ಕೆಜಿ. ಕೂದಲು ಗಿಡ್ಡ, ಒಳಗಡೆ ದಪ್ಪ ತುಪ್ಪಳ ಏನೂ ಇಲ್ಲ.

ನಮ್ಮದು ಸಾಗರ ತಾಲ್ಲೂಕು. ಇಲ್ಲಿನ ಚಳಿ ಬೀದರಿನ ಚಳಿ ಅಲ್ಲ. ಅದಕ್ಕೇ ನಾಯಿಗೆ ಚಳಿ ಆಗುತ್ತೆ ಅಂತ ಯಾರೂ ಯೋಚಿಸುವುದಿಲ್ಲ. 10 ವರ್ಷ ನಾನೂ ಯೋಚಿಸಿರಲಿಲ್ಲ. ಅವನು ಜಗಲಿಯ ಮೂಲೆಯಲ್ಲಿ, ಬರೀ ನೆಲದ ಮೇಲೆ ಸುರುಳಿ ಸುತ್ತಿಕೊಂಡು ಮಲಗುತ್ತಿದ್ದ. ಬೆಕ್ಕು ಬೆಳ್ಳಿಯ ವ್ಯವಸ್ಥೆ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸೊಂಟ ಹಿಡಿದು, ಕಾಲು ಮಡಿಸಿ ಬಿಡಿಸಿ ನೋಡಿದರು. ಕೀಲುನೋವು, ವಯಸ್ಸಿಗೆ ಬಂದದ್ದು. ಒಂದು ಔಷಧಿ ಬರೆದುಕೊಟ್ಟು, "ಚಳಿಗಿಂತ ನೆಲದ ಥಂಡಿ ತಪ್ಪಿಸಿ" ಅಂದರು.

ನನಗೆ ಮರಗೆಲಸದ ಹುಚ್ಚು ಇದೆ. ಒಂದು ನೆಪ ಬೇಕಿತ್ತು ಅಷ್ಟೇ. ಗೂಡು ಮಾಡುವುದು ಅಂತ ಅವತ್ತೇ ತೀರ್ಮಾನ. ಅಮ್ಮನಿಗೆ ಹೇಳಿದೆ. "ನಾಯಿಗೆ ಮನೆ ಕಟ್ತೀಯ, ಬಚ್ಚಲ ಮಾಡಿನ ಹೆಂಚು ಯಾವಾಗ ಹೊದಿಸ್ತೀಯ?" ಅಂದಳು.

ನವೆಂಬರ್ 26

ಮೊದಲು ಅಳತೆ. ರಾತ್ರಿಯ ಅತಿ ಕಡಿಮೆ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಎರಡು ಥರ್ಮಾಮೀಟರ್ ತರಿಸಿದೆ. ಒಂದನ್ನು ಜಗಲಿಯಲ್ಲಿ ಇಟ್ಟೆ, ಇನ್ನೊಂದನ್ನು ತೋಟದ ಅಂಚಿನ ಪೇರಲೆ ಮರಕ್ಕೆ ಕಟ್ಟಿದೆ. ಆರು ರಾತ್ರಿ ನೋಡಿದೆ. ಜಗಲಿಯಲ್ಲಿ 15ರ ಆಸುಪಾಸು, ತೋಟದಂಚಿನಲ್ಲಿ ಹೆಚ್ಚುಕಡಿಮೆ 2 ಡಿಗ್ರಿ ಕಡಿಮೆ. ಮೋಡ ಇಲ್ಲದ ರಾತ್ರಿಯಲ್ಲಿ ತಣ್ಣಗಿನ ಗಾಳಿ ಭಾರವಾಗಿ, ನೀರಿನ ಹಾಗೆ ಇಳಿಜಾರಿಗೆ ಹರಿದು ತೋಟದಲ್ಲಿ ನಿಲ್ಲುತ್ತದೆ. ನಾನು ಗೂಡಿಗೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಜಾಗ ಅದೇ ಪೇರಲೆ ಬುಡ. ಮಧ್ಯಾಹ್ನ ಒಳ್ಳೆ ನೆರಳು ಅಂತ. ರದ್ದು. ಅಂಗಳದ ಮೇಲ್ಭಾಗ, ಕೊಟ್ಟಿಗೆ ಗೋಡೆಗೆ ಒತ್ತಿಕೊಂಡು ಹೊಸ ಜಾಗ ಗುರುತು ಮಾಡಿದೆ. ಬೆಳಗಿನ ಬಿಸಿಲು ಮೊದಲು ಬೀಳುವುದೂ ಅಲ್ಲೇ.

ಡಿಸೆಂಬರ್ 3

ಗೂಡು ನಿಂತಿತು. ಉದ್ದ 3 ಅಡಿ, ಅಗಲ 2 ಅಡಿ, ಎತ್ತರ ಎರಡೂವರೆ ಅಡಿ. ದೊಡ್ಡದಾಗಿದ್ದರೆ ಆರಾಮ ಅಂತ ನಮಗೆ ಅನ್ನಿಸುತ್ತೆ. ಆದರೆ ಒಳಗೆ ಬಿಸಿ ಮಾಡುವ ಒಲೆ ಅಂದರೆ ನಾಯಿಯ ಮೈಯೊಂದೇ. ಅದರ ಮೈ ಬಿಸಿ ನಮಗಿಂತ ಜಾಸ್ತಿ, 38ರಿಂದ 39 ಡಿಗ್ರಿ ಇರುತ್ತೆ. ಎದ್ದು ನಿಂತು ಒಂದು ಸುತ್ತು ತಿರುಗುವಷ್ಟು ಜಾಗ ಸಾಕು. ಅದಕ್ಕಿಂತ ದೊಡ್ಡದಾದರೆ ಪಾಪ ಆ ಒಲೆ ಖಾಲಿ ಜಾಗ ಕಾಯಿಸುತ್ತಾ ಕೂರಬೇಕು.

ಗೋಡೆಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಎರಡು ಪದರ. ನಡುವೆ ಥರ್ಮಕೋಲ್. ಕೆಳಗೆ ನಾಲ್ಕು ಜಂಬಿಟ್ಟಿಗೆ ಕಲ್ಲು ಇಟ್ಟು ನೆಲದಿಂದ 6 ಇಂಚು ಎತ್ತರಿಸಿದೆ. ಮೇಲೆ ತಗಡು. ಈಗ ಮೂಡಣ ಗಾಳಿಯ ಕಾಲ ಅಲ್ವಾ, ಅದಕ್ಕೆ ಬಾಗಿಲು ಪಶ್ಚಿಮಕ್ಕೆ. ಅದನ್ನೂ ನಟ್ಟ ನಡುವೆ ಇಡದೆ ಒಂದು ಬದಿಗೆ ಸರಿಸಿದೆ, ಒಳಗೆ ಗಾಳಿ ತಾಗದ ಮೂಲೆ ಒಂದು ಸಿಗಲಿ ಅಂತ.

ಕರಿಯ ಬಂದು ಮೂಸಿದ. ಮೂಲೆಗೆ ಕಾಲೆತ್ತಿದ. ಹೋದ.

ಡಿಸೆಂಬರ್ 5

ಥರ್ಮಕೋಲ್ ಕಥೆ ಮುಗಿಯಿತು. ದಬ್ಬೆಯ ಸಂದಿಯಲ್ಲಿ ಒಂದು ತುಂಡು ಹೊರಗೆ ಕಾಣುತ್ತಿತ್ತಂತೆ. ಬೆಳಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ಬಿಳಿ ಕಾಳು, ಮುಂಡಕ್ಕಿ ಚೆಲ್ಲಿದ ಹಾಗೆ. ಅಡಿಕೆ ಸುಲಿಯಲು ಬಂದವರೆಲ್ಲ ನಕ್ಕರು. ನಾಯಿ ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತೆ, ಆ ಭಯಕ್ಕೆ ಎರಡು ದಿನ ಅವನ ಹಿಂದೆ ಓಡಾಡಿ ಏನು ಹೊರಗೆ ಬರುತ್ತೆ ಅಂತ ನೋಡುವ ಕೆಲಸ ಬೇರೆ. ನಡುವಿನ ಜಾಗಕ್ಕೆ ಈಗ ಒಣಗಿದ ಬತ್ತದ ಹುಲ್ಲು ಗಿಡಿದಿದ್ದೇನೆ. ಇದನ್ನೇ ಮೊದಲು ಮಾಡಬಹುದಿತ್ತು.

ಡಿಸೆಂಬರ್ 8

ಹಾಸಿಗೆಯ ವಿಚಾರ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಮಲೆನಾಡಿನವರಿಗೆ ಬೇಕಾದದ್ದು.

ಮೊದಲು ಜಗಲಿಯಲ್ಲಿ ಅವನಿಗೆ ಹಳೇ ಕಂಬಳಿ ಹಾಸಿ ನೋಡಿದ್ದೆ. ಇಬ್ಬನಿಯಲ್ಲಿ ಅಲೆದು ಬಂದ ನಾಯಿಯ ಮೈಯ ನೀರೆಲ್ಲ ಕಂಬಳಿಗೆ ಇಳಿದು, ಸಂಜೆಯಾದರೂ ಒಣಗಲಿಲ್ಲ. ಒದ್ದೆ ಕಂಬಳಿಗಿಂತ ಬರೀ ಹಲಗೆಯೇ ವಾಸಿ. "ದರಗು ಹಾಕು, ಕೊಟ್ಟಿಗೆಗೆ ತಂದಿದ್ದು ಇದೆಯಲ್ಲ" ಅಂದಳು ಅಮ್ಮ. ದರಗು ಅಂದರೆ ಕಾಡಿನ ಒಣ ಎಲೆ. ಮೆತ್ತಗೆ, ಬೆಚ್ಚಗೆ, ದುಡ್ಡೂ ಇಲ್ಲ. ಒಂದು ಬುಟ್ಟಿ ತಂದೂ ಆಗಿತ್ತು. ಆಮೇಲೆ ನೆನಪಾಯಿತು.

ಕಾಡಿನ ದರಗಿನಲ್ಲಿ ಉಣ್ಣೆ, ಅಂದರೆ ರಕ್ತ ಹೀರುವ ಉಣುಗು, ಇರುತ್ತೆ. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. ಆ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2018ರ ಕೊನೆಯಿಂದ 2019ರವರೆಗೆ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದರಿಂದ ಜನ ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಎಳೇ ಉಣ್ಣೆ, ಸಾಸಿವೆಗಿಂತ ಚಿಕ್ಕವು, ಚುರುಕಾಗುವುದು ಮಳೆ ಮುಗಿದು ಎಲೆ ಒಣಗುವ ಈ ಕಾಲದಲ್ಲೇ. ನವೆಂಬರ್‌ನಿಂದ ಮೇವರೆಗೂ ಎಚ್ಚರ ಇರಬೇಕು. ಕಾಡಿಗೆ ಹೋಗುವ ನಾವು ಉಣ್ಣೆ ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ. ನಾಯಿ ಏನು ಹಚ್ಚಿಕೊಂಡೀತು? ಅದರ ಮೈಮೇಲೆ ಸವಾರಿ ಮಾಡಿಕೊಂಡು ಉಣ್ಣೆ ಅಂಗಳಕ್ಕೆ ಬರುತ್ತೆ. ಇನ್ನು ನಾನೇ ಬುಟ್ಟಿಯಲ್ಲಿ ತುಂಬಿ ತಂದು ಹಾಸಿಗೆ ಮಾಡಿಕೊಡುವುದಾ!

ದರಗನ್ನು ಅಲ್ಲೇ ಸುಟ್ಟೆ. ಹಾಸಿಗೆಗೂ ಗದ್ದೆಯ ಬತ್ತದ ಹುಲ್ಲೇ. ಹುಲ್ಲು ನೀರು ಹಿಡಿದುಕೊಳ್ಳುವುದಿಲ್ಲ, ಕೆಳಗೆ ಬಿಡುತ್ತೆ. ನಾಯಿ ಕೆದರಿ ಗುಳಿ ಮಾಡಿಕೊಂಡು ಅದರೊಳಗೆ ಹೂತುಕೊಳ್ಳುತ್ತೆ. ವಾರಕ್ಕೊಮ್ಮೆ ಬದಲಿಸಿ ಹಳೆಯದನ್ನು ಗೊಬ್ಬರಗುಂಡಿಗೆ ಹಾಕುವುದು. ಜೊತೆಗೆ ದಿನಾ ಸಂಜೆ ಕರಿಯನ ಕಿವಿಯ ಹಿಂದೆ, ಬೆರಳ ಸಂದಿ, ಬಾಲದ ಬುಡ ನೋಡುತ್ತೇನೆ. ಸಿಕ್ಕಿದ್ದನ್ನು ಬರಿಗೈಯಲ್ಲಿ ಹಿಸುಕುವ ಹಾಗಿಲ್ಲ. ಕೈಗವಸು ಹಾಕಿ ಚಿಮಟದಲ್ಲಿ ತೆಗೆದು ಸೀಮೆಎಣ್ಣೆ ಡಬ್ಬಿಗೆ. ಉಣ್ಣೆಗೆ ಡಾಕ್ಟರು ಕೊಟ್ಟ ಮದ್ದನ್ನೂ ಹಾಕಿದ್ದಾಯಿತು.

ಡಿಸೆಂಬರ್ 14

ಬೆಳ್ಳಿ ಮೀಸೆ ಸುಟ್ಟುಕೊಂಡಿತು.

ಅದರ ಮಲಗುವ ಕೋಣೆ ಬಚ್ಚಲೊಲೆ. ರಾತ್ರಿ ನೀರು ಕಾಯಿಸಿದ ಮೇಲೆ ಬೂದಿ ಬೆಳಗಿನವರೆಗೂ ಬೆಚ್ಚಗಿರುತ್ತೆ. ಬಿಳೀ ಬೆಕ್ಕು ಅದರೊಳಗೆ ಹೊಕ್ಕು ಬೂದುಬಣ್ಣದ ಬೆಕ್ಕಾಗಿ ಹೊರಬರುತ್ತೆ. ಅಮ್ಮ ಬೆಂಕಿ ಹಾಕುವ ಮೊದಲು ಒಲೆ ಬಾಯಿಗೆ ಸೌದೆಯಿಂದ ಎರಡು ಸಲ ಕುಟ್ಟಿ, "ಏಳೇ, ಬೆಳಗಾಯ್ತು" ಅನ್ನುತ್ತಾಳೆ. ಅದು ಮೈ ಮುರಿದು, ಒಂದೊಂದೇ ಕಾಲು ಹೊರಗಿಟ್ಟು, ಹಂಡೆಯ ಪಕ್ಕ ಹೋಗಿ ಕೂರುತ್ತೆ. ಇವತ್ತು ಬೆಂಕಿ ಹಾಕಿದವನು ನಾನು. ಕುಟ್ಟಲಿಲ್ಲ. ಹೆಚ್ಚೇನೂ ಆಗಿಲ್ಲ, ಎಡಗಡೆ ಮೀಸೆ ಮಾತ್ರ ಕರಟಿದೆ. ಅಮ್ಮ ಮಾತಾಡುತ್ತಿಲ್ಲ, ಬೆಕ್ಕೂ ಅಷ್ಟೇ. ಪೇಟೆಯವರು ಕಾರು ಚಾಲೂ ಮಾಡುವ ಮೊದಲು ಬಾನೆಟ್‌ಗೆ ಎರಡು ಏಟು ಕೊಡುವುದು ಒಳ್ಳೆಯದು. ಬಿಸಿ ಎಂಜಿನ್ ಅಂದರೆ ಅಲ್ಲಿನ ಬೆಕ್ಕಿಗೆ ಬಚ್ಚಲೊಲೆ.

ಪಕ್ಕದ ಮನೆಯವರು ನೋವಿಗೆ ಅರ್ಧ ಜ್ವರದ ಮಾತ್ರೆ ಕೊಡಿ ಅಂದರು. ಕೊಡಲಿಲ್ಲ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಒಂದೇ ಮಾತ್ರೆ ಸಾಕು ಸಾಯಲು.

ಡಿಸೆಂಬರ್ 20

ಕರಿಯ ಗೂಡಿನೊಳಗೆ ಮಲಗುತ್ತಿಲ್ಲ. ಅನ್ನ ಒಳಗಿಟ್ಟರೆ ಕತ್ತು ಚಾಚಿ ತಿಂದು ವಾಪಸ್. ನಾನು ನಾಯಿಯ ಹಠ ಅಂದುಕೊಂಡಿದ್ದೆ. ಇವತ್ತು ಸುಮ್ನೆ ಎದುರಿಗೆ ಕೂತು ಅರ್ಧ ಗಂಟೆ ನೋಡಿದೆ. ಮುಂಗಾಲು ಎತ್ತಿ ಹೊಸ್ತಿಲ ಮೇಲೆ ಇಡುತ್ತಾನೆ. ಭಾರ ಹಿಂಗಾಲಿಗೆ ಹೋಗುತ್ತೆ. ಅಲ್ಲಿಗೆ ನಿಲ್ಲುತ್ತಾನೆ. ಕಾಲು ಇಳಿಸುತ್ತಾನೆ.

ಥಂಡಿ ತಪ್ಪಿಸಲು ನಾನು ಎತ್ತರಿಸಿದ 6 ಇಂಚು, ಅದರ ಮೇಲೆ ಹುಲ್ಲು ಚೆಲ್ಲದಿರಲಿ ಅಂತ ಕಟ್ಟಿದ 3 ಇಂಚಿನ ಹೊಸ್ತಿಲು. ಸೊಂಟ ನೋಯುವ ಮುದುಕನಿಗೆ ಮನೆ ಕಟ್ಟಿ, ಏಣಿ ಕೊಟ್ಟಿರಲಿಲ್ಲ.

ಸಂಜೆಯೇ ದಬ್ಬೆಯಿಂದ ಇಳಿಜಾರು ಹಲಗೆ ಮಾಡಿದೆ, ಎರಡೂವರೆ ಅಡಿ ಉದ್ದ. ಅಡಿಕೆ ದಬ್ಬೆ ಇಬ್ಬನಿಗೆ ಜಾರುತ್ತೆ. ಅದಕ್ಕೆ ಗೋಣಿಚೀಲ ಸುತ್ತಿ ಮೊಳೆ ಹೊಡೆದೆ. ಹೊಸ್ತಿಲು ಒಂದೂವರೆ ಇಂಚಿಗೆ ಇಳಿಸಿದೆ.

ಡಿಸೆಂಬರ್ 21

ರಾತ್ರಿ 10 ಗಂಟೆಗೆ ಟಾರ್ಚ್ ಹಿಡಿದು ಹೋದೆ. ಒಳಗೆ ಎರಡು ಹಸಿರು ಕಣ್ಣು.

ಡಿಸೆಂಬರ್ 28

ಗೂಡಿನೊಳಗೆ 17, ಹೊರಗೆ 12.5. ಖುಷಿಯಾಗಿ ಬೆನ್ನು ಸವರಿದರೆ ಒದ್ದೆ. ಮಳೆ ಇಲ್ಲ, ಇಬ್ಬನಿ ಒಳಗೆ ಬರುವ ದಾರಿ ಇಲ್ಲ. ತಲೆ ಎತ್ತಿ ನೋಡಿದೆ. ತಗಡಿನ ಒಳಮೈ ತುಂಬ ಹನಿ, ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ನಾಯಿಯ ಉಸಿರಿನ ಆವಿ ತಣ್ಣಗಿನ ತಗಡಿಗೆ ತಾಗಿ ನೀರಾಗಿ, ಒಂದೊಂದೇ ಹನಿ ಅವನ ಬೆನ್ನಿಗೇ ಬೀಳುತ್ತಿತ್ತು. ಬೆಚ್ಚಗಿರಲಿ ಅಂತ ಒಂದು ತೂತೂ ಬಿಡದೆ ಮುಚ್ಚಿದ್ದು ಬೇರೆ. ಥರ್ಮಾಮೀಟರಿಗೆ ಬಿಸಿ ಗೊತ್ತಾಗುತ್ತೆ, ಒದ್ದೆ ಗೊತ್ತಾಗಲ್ಲ.

ತಗಡು ತೆಗೆದೆ. ಅಟ್ಟದಲ್ಲಿ 20 ಹೆಂಚು ಇತ್ತು. 14 ಹಿಡಿಯಿತು. ಕೆಳಗಡೆ ಒಣಗಿದ ಅಡಿಕೆ ಹಾಳೆ ಹೊಲಿದು ಕಟ್ಟಿದೆ. ಮಾಡಿನ ಕೆಳಗೆ, ನಾಯಿಯ ತಲೆಗಿಂತ ಮೇಲೆ, ಎರಡು ಬದಿಗೂ ಬೆರಳಗಲದ ಸಂದಿ ಬಿಟ್ಟೆ. ಈಗ ಒಳಗಿನ ಉಷ್ಣತೆ ಒಂದು ಡಿಗ್ರಿ ಕಡಿಮೆ. ಬೆನ್ನು ಒಣ.

ಜನವರಿ 9

ಸಣ್ಣಪುಟ್ಟದ್ದು. ಸ್ವೆಟರ್ ಹಾಕಿ ನೋಡಿದೆ, ಬೆಳಗ್ಗೆ ಬೇಲಿಯಲ್ಲಿ ಅರ್ಧ ಸ್ವೆಟರ್ ಸಿಕ್ಕಿತು. ಗೂಡಿಗೆ ಕೆಂಡದ ಬಾಣಲೆ ಇಡುವ ಸಲಹೆ ಬಂತು. ಹುಲ್ಲಿನ ಪಕ್ಕ ಕೆಂಡ, ಮೇಲೆ ಮುಚ್ಚಿದ ಜಾಗದಲ್ಲಿ ಅದರ ಹೊಗೆ, ಎರಡೂ ಬೇಡ. ಬದಲಿಗೆ ಹಳೇ ಸ್ಟೀಲ್ ಬಾಟಲಿಗೆ ಹಂಡೆಯ ಬಿಸಿನೀರು ತುಂಬಿ, ನನ್ನ ಎರಡು ಕಾಲುಚೀಲದೊಳಗೆ ತೂರಿಸಿ, ಹುಲ್ಲಿನ ಕೆಳಗೆ ಹೂಳುತ್ತೇನೆ. 10 ಗಂಟೆಗೆ ಇಟ್ಟರೆ 2 ಗಂಟೆಯವರೆಗೂ ಬಿಸಿ ಉಳಿಯುತ್ತೆ. ರಾತ್ರಿಯ ಅನ್ನ ಮಜ್ಜಿಗೆ ಹೋಗಿ ಬಿಸಿ ಗಂಜಿ, ಮೊಟ್ಟೆ ಬಂದಿದೆ. ಸ್ನಾನ ಸಂಕ್ರಾಂತಿ ಕಳೆದ ಮೇಲೆ, ಅದೂ ಮಧ್ಯಾಹ್ನ.

ಜನವರಿ 22

ಈ ಸಲದ ಅತಿ ಚಳಿ ರಾತ್ರಿ: ಜಗಲಿಯಲ್ಲಿ 11.8. ಬೆಳಗ್ಗೆ ಆರೂವರೆಗೆ ಗೂಡಿನ ಎದುರು ನಿಂತಿದ್ದೆ. ಕರಿಯ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ. ಮುಂಗಾಲು ಹಲಗೆಯ ಮೇಲಿಟ್ಟು ಬೆನ್ನು ಚಾಚಿ ಆಕಳಿಸಿದ. ಹಿಂಗಾಲು ಒಂದು ಸಲ ನಡುಗಿತು, ಆಮೇಲೆ ಇಳಿದ. ಮಧ್ಯದಲ್ಲಿ ಕೂರಲಿಲ್ಲ. ಬೆನ್ನ ಮೇಲೆ ನಾಲ್ಕು ಹುಲ್ಲುಕಡ್ಡಿ. ದಣಪೆಗೆ ಹೋದ, ಬೊಗಳಿದ. ಅವನ ಹಿಂದೆಯೇ ಗೂಡಿನಿಂದ ಬೆಳ್ಳಿ ಇಳಿಯಿತು, ಬೂದಿ ಇಲ್ಲದ ಬಿಳೀ ಮೈ. ಬಚ್ಚಲೊಲೆಯ ಮೇಲೆ ಅದಕ್ಕೆ ಇನ್ನೂ ನಂಬಿಕೆ ಬಂದಿಲ್ಲ ಅಂತ ಕಾಣುತ್ತೆ.

ಫೆಬ್ರವರಿ 4

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರೆ. ಈಗಲೇ ಹಗಲಿನ ಬಿಸಿಲು ಚುರುಕಾಗಿದೆ. ಬಾಟಲಿ ನಿಲ್ಲಿಸಿದೆ. ಹುಲ್ಲು ಅರ್ಧ ತೆಗೆದೆ. ಉಣ್ಣೆ ನೋಡುವುದನ್ನು ಮಾತ್ರ ನಿಲ್ಲಿಸುವ ಹಾಗಿಲ್ಲ, ಮಳೆ ಹಿಡಿಯುವವರೆಗೂ ನಡೆಯಬೇಕು.

ಉಳಿದ ಸಾಮಾನು: ದಬ್ಬೆ 3, ಮೊಳೆ ಒಂದು ಹಿಡಿ, ಹೆಂಚು 6. ಬಚ್ಚಲ ಮಾಡಿಗೆ ಬೇಕಾದದ್ದು 11. ಅಮ್ಮನಿಗೆ ಇನ್ನೂ ಹೇಳಿಲ್ಲ.