ಗೋವಾದಿಂದ ಕಾರವಾರಕ್ಕೆ ಹದಿಮೂರು ಗಂಟೆ

ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆಯ ದಾರಿ. ನಮಗೆ ಹದಿಮೂರು ಗಂಟೆ ಬೇಕಾಯಿತು, ಅದರಲ್ಲಿ ಮೂರು ಗಂಟೆ ಒಂದೇ ಕಡೆ ತೇಲುತ್ತಾ ನಿಂತಿದ್ದೆವು. ಹೋದ ಫೆಬ್ರವರಿಯಲ್ಲಿ ವಾಸ್ಕೋದಿಂದ ಕಾರವಾರಕ್ಕೆ ಹಾಯಿದೋಣಿಯಲ್ಲಿ ಬಂದ ಕತೆ ಇದು. ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ದೋಣಿ ಅಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ನಿಲ್ಲುವ ಮೀನು ಬೋಟಿನ ಹಾಗಲ್ಲ. 34 ಅಡಿ ಉದ್ದದ ಫೈಬರ್ ಯಾಟ್. ಒಳಗೆ ನಾಲ್ಕು ಜನ ಮಲಗಬಹುದು, ಸಣ್ಣದೊಂದು ಗ್ಯಾಸ್ ಒಲೆ ಇದೆ, ಟಾಯ್ಲೆಟ್‌ನಲ್ಲಿ ಮೊಣಕಾಲು ಬಾಗಿಲಿಗೆ ತಾಗುತ್ತದೆ. ತಳದಲ್ಲಿ ನೀರಿನೊಳಗೆ ಭಾರದ ಕೀಲ್ ಇರುತ್ತದೆ, ಹಾಗಾಗಿ ಎಷ್ಟು ವಾಲಿದರೂ ಸುಲಭಕ್ಕೆ ಮಗುಚುವುದಿಲ್ಲ ಅಂತ ಮಾಮಾ ಹೇಳಿದರು. ಹೇಳಿದರು ಸರಿ, ದೋಣಿ ವಾಲಿದಾಗ ಹೊಟ್ಟೆಗೆ ಅದು ಅರ್ಥವಾಗಬೇಕಲ್ಲ! ಮಾಮಾ ನನ್ನ ಗೆಳೆಯನ ಸೋದರಮಾವ. ವರ್ಷಗಟ್ಟಲೆ ಸರಕು ಹಡಗಿನಲ್ಲಿ ದುಡಿದು ಈಗ ಕೋಡಿಬಾಗದಲ್ಲಿ ತೆಂಗಿನಮರ ನೋಡಿಕೊಂಡಿದ್ದಾರೆ. ಅವರ ಪರಿಚಯದವರ ದೋಣಿ ಒಂದು ವಾರದ ಮಟ್ಟಿಗೆ ಸಿಕ್ಕಿತ್ತು. ಹೊರಟವರು ನಾವು ಮೂರೇ ಜನ.

ಬೆಳಗಿನ ಐದಕ್ಕೇ ಲಂಗರು ಎತ್ತಬೇಕು ಅಂತ ಮಾಮಾ ಹಟ ಹಿಡಿದಾಗ ನನಗೆ ಸಿಟ್ಟು ಬಂದಿತ್ತು. ಕಾರಣ ಆಮೇಲೆ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಚಳಿಗಾಲದ ಗಾಳಿಗೆ ಬಸ್ಸಿನ ಹಾಗೆ ಟೈಮ್ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ನಿಧಾನಕ್ಕೆ ತಣಿಯುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಅದು ಸತ್ತುಹೋಗುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದಿಂದ ತಿರುಗಿ ಬರುತ್ತದೆ, ಹೆಚ್ಚಾಗಿ ವಾಯವ್ಯದಿಂದ. ಹಾಯಿ ನಂಬಿದವನು ಈ ಎರಡು ಗಾಳಿ ಹಿಡಿಯಬೇಕು, ನಡುವಿನ ಹೊತ್ತು ಬಾಯಿ ಮುಚ್ಚಿಕೊಂಡು ಕೂರಬೇಕು.

ಮೊದಲ ಗಾಳಿ ಚೆನ್ನಾಗಿ ಸಿಕ್ಕಿತು. ಮುರ್ಮುಗೋವಾದ ದೀಪಗಳು ಹಿಂದಕ್ಕೆ ಸರಿದವು, ಎಂಜಿನ್ ಆರಿಸಿದೆವು, ಆಮೇಲೆ ದೋಣಿಯ ಪಕ್ಕೆಗೆ ನೀರು ಬಡಿಯುವ ಸದ್ದೊಂದೇ. ಎಡಗಡೆಯಿಂದ ಗಾಳಿ, ದೋಣಿ ಬಲಕ್ಕೆ ವಾಲಿತ್ತು. ದಡ ಕಾಣದ ಕತ್ತಲಲ್ಲಿ ನೆಲದ ವಾಸನೆ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಯಾರೋ ತರಗೆಲೆ ಸುಟ್ಟ ಹೊಗೆ, ಒಣಗಿದ ಗದ್ದೆ, ಎಲ್ಲೋ ಮೀನು ಒಣಹಾಕಿದ್ದು. ಊರಲ್ಲಿದ್ದಾಗ ಇದ್ಯಾವುದೂ ಮೂಗಿಗೆ ತಾಗುವುದೇ ಇಲ್ಲ ಅಲ್ವಾ.

ಕತ್ತಲಲ್ಲಿ ಹೆದರಿಸಿದ್ದು ಅಲೆ ಅಲ್ಲ, ಮೀನು ಬೋಟುಗಳು. ಎಂಜಿನ್ ಇರುವವರು ಹಾಯಿದೋಣಿಗೆ ದಾರಿ ಬಿಡಬೇಕು ಅನ್ನುವುದು ಸಮುದ್ರದ ನಿಯಮ, ಅಷ್ಟು ನಾನೂ ಓದಿಕೊಂಡು ಹೋಗಿದ್ದೆ. ಆದರೆ ಬಲೆ ಎಳೆಯುತ್ತಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕಂತೆ. "ಅವನು ಹೊಟ್ಟೆಪಾಡಿಗೆ ಬಂದಿದ್ದಾನೆ, ನೀನು ಮಜಾಕ್ಕೆ ಬಂದಿದ್ದೀಯ. ಯಾರು ಪಕ್ಕಕ್ಕೆ ಹೋಗಬೇಕು ಹೇಳು" ಅಂದರು ಮಾಮಾ. ಮೂರು ಸಲ ಪಕ್ಕಕ್ಕೆ ಹೋದೆವು.

ಒಂಬತ್ತೂವರೆಗೆ, ಕಾಬೋ ಡಿ ರಾಮಾ ಗುಡ್ಡ ಎಡಕ್ಕೆ ಕಾಣುತ್ತಿದ್ದಾಗ, ಗಾಳಿ ನಿಂತಿತು. ಒಟ್ಟು ದಾರಿ ಸುಮಾರು 41 ನಾಟಿಕಲ್ ಮೈಲು, ಅಂದರೆ 76 ಕಿಲೋಮೀಟರ್. ಅರ್ಧಕ್ಕೆ ಇನ್ನೂ ಸ್ವಲ್ಪ ಬಾಕಿ. ಎಂಜಿನ್ ಹಾಕಿದೆವು. ಹತ್ತು ನಿಮಿಷ ಓಡಿ, ಗುರ್ ಅಂದು, ದೋಣಿ ಇಡೀ ನಡುಗಿ ಬಂದ್ ಆಯಿತು. ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಿತ್ತು. ಯಾರೋ ಹರಿದುಹೋದ ನೈಲಾನ್ ಬಲೆಯನ್ನು ಸುಮ್ನೆ ನೀರಿಗೆ ಎಸೆದಿದ್ದರು. ಹಸಿರು ಬಣ್ಣ, ಮೇಲಿನಿಂದ ಕಾಣುವುದೇ ಇಲ್ಲ. ನಮಗೆ ಬರೀ ಹೊತ್ತು ಹಾಳಾಯಿತು. ಇಂಥ ಬಲೆಗೆ ಸಿಕ್ಕ ಆಮೆಗೆ ಬಿಡಿಸಿಕೊಳ್ಳಲು ಚಾಕು ಎಲ್ಲಿಂದ ಬರಬೇಕು?

ಗೆಳೆಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೀನು ಕೊಯ್ಯುವ ಚಾಕು ಹಿಡಿದು ಇಳಿಯಲು ತಯಾರಾದ. ಸರಿಯಾಗಿ ಆಗಲೇ ಒಂದು ಕಡಲ ಹಾವು ಉಸಿರಿಗೆ ಮೇಲೆ ಬಂದು, ನಮ್ಮನ್ನು ನೋಡಿ, ಮತ್ತೆ ಕೆಳಗೆ ಹೋಯಿತು. ಇವನು ಕಾಲು ವಾಪಸ್ ಎಳೆದುಕೊಂಡ. "ಅದಕ್ಕೆ ವಿಷ ಜಾಸ್ತಿ, ಆದರೆ ಕಚ್ಚುವ ಬುದ್ಧಿ ಕಡಿಮೆ. ನಿಂದು ಉಲ್ಟಾ. ಇಳಿ" ಅಂದರು ಮಾಮಾ. ಇಳಿದ. ಒಂದು ಮುಳುಗಿಗೆ ನಾಲ್ಕೈದು ಎಳೆ ಕುಯ್ದು ಮೇಲೆ ಬರುತ್ತಿದ್ದ. ಗಾಳಿ ಇಲ್ಲದಿದ್ದರೂ ಅಲೆಯ ಏರಿಳಿತ ನಿಲ್ಲುವುದಿಲ್ಲವಲ್ಲ, ದೋಣಿಯ ಹಿಂಭಾಗ ಎದ್ದು ಅವನ ತಲೆಯ ಮೇಲೇ ಬೀಳುವ ಹಾಗಾಗುತ್ತಿತ್ತು. ನನ್ನ ಕೆಲಸ ಹಗ್ಗ ಹಿಡಿಯುವುದು ಮತ್ತು ವಾಂತಿ ಮಾಡುವುದು. ಬೆಳಿಗ್ಗೆ ತಿಂದ ಎರಡು ಬನ್ಸ್ ಆಗಲೇ ಹೋಗಿತ್ತು. ಎಂಜಿನ್ ಡೀಸೆಲ್ ವಾಸನೆ, ನೆತ್ತಿಯ ಮೇಲೆ ಬಿಸಿಲು. ಕೆಳಗೆ ಹೋಗಿ ಮಲಗುತ್ತೇನೆ ಅಂದಿದ್ದಕ್ಕೆ ಮಾಮಾ ಬಿಡಲಿಲ್ಲ. ಹೊಟ್ಟೆ ತೊಳೆಸುವಾಗ ಒಳಗೆ ಹೋದರೆ ಇನ್ನೂ ಜಾಸ್ತಿಯಾಗುತ್ತದೆ, ದೂರದ ದಡ ನೋಡುತ್ತಾ ಕೂರು ಅಂತ ಶುಂಠಿ ಚೂರು ಕೊಟ್ಟರು. ಕೂತೆ. ಶುಂಠಿಗಿಂತ ದಡ ನೋಡಿದ್ದೇ ಕೆಲಸ ಮಾಡಿತು.

ಬಲೆ ಬಹುಪಾಲು ಬಂತು, ಪೂರ್ತಿ ಬರಲಿಲ್ಲ. ಎಂಜಿನ್ ಲಂಗರು ಹಾಕುವಾಗ ಮಾತ್ರ ಮುಟ್ಟೋಣ ಅಂತ ಮಾಮಾ ತೀರ್ಮಾನಿಸಿದರು. ಇನ್ನು ಗಾಳಿ ಬಂದರೆ ಊರು, ಇಲ್ಲದಿದ್ದರೆ ಇಲ್ಲೇ. ಹನ್ನೆರಡೂವರೆಗೆ ಪಶ್ಚಿಮದ ನೀರಿನ ಮೇಲೆ ಕಪ್ಪು ಗೆರೆ ಕಂಡಿತು. ಹತ್ತಿರ ಬರಬರುತ್ತಾ ಗೊತ್ತಾಯಿತು, ಅದು ಗಾಳಿಗೆ ಎದ್ದ ಸಣ್ಣ ಸಣ್ಣ ತೆರೆ. ನಾನು ಹುಚ್ಚನ ಹಾಗೆ ಚಪ್ಪಾಳೆ ತಟ್ಟಿದೆ.

ಬೆನ್ನಿಗೆ ಗಾಳಿ ಇದ್ದರೆ ಸುಖ ಅಂತ ನಾನು ತಿಳಿದಿದ್ದೆ. ತಪ್ಪು. ಗಾಳಿಯ ಜೊತೆಗೇ ಹೋಗುವಾಗ ಗಾಳಿ ಬೀಸುತ್ತಿರುವುದೇ ಗೊತ್ತಾಗುವುದಿಲ್ಲ, ಸೆಖೆಗೆ ಬೇಯುತ್ತೇವೆ. ದೋಣಿ ತೊಟ್ಟಿಲ ಹಾಗೆ ಎಡಕ್ಕೆ ಬಲಕ್ಕೆ ತೂಗುತ್ತದೆ. ಚುಕ್ಕಾಣಿ ಹಿಡಿದವನು ಸ್ವಲ್ಪ ಮೈಮರೆತರೆ ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಹೊಕ್ಕು, ಹಾಯಿಯ ಅಡಿಯ ದಪ್ಪ ಕಂಬ ಧಡಾರನೆ ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. ಅಡ್ಡ ಸಿಕ್ಕ ತಲೆ ಒಡೆಯುತ್ತದೆ. ಒಮ್ಮೆ ಹಾಗಾಯಿತು, ನಾನೇ ಚುಕ್ಕಾಣಿಯಲ್ಲಿದ್ದೆ, ಪುಣ್ಯಕ್ಕೆ ಎಲ್ಲರೂ ಕೂತಿದ್ದರು. ಆಮೇಲೆ ಒಂದು ಗಂಟೆ ನನಗೆ ಚುಕ್ಕಾಣಿ ಸಿಗಲಿಲ್ಲ.

ವೇಗ ನಾಲ್ಕು ನಾಟ್, ಅಂದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಸೈಕಲ್ ತುಳಿದರೆ ಇದಕ್ಕಿಂತ ಬೇಗ.

ನಾಲ್ಕೂವರೆ ಹೊತ್ತಿಗೆ ಊರು ಬಂತು ಅಂತ ನಾನು ಎದ್ದು ನಿಂತೆ. "ಅಗೋ ಸದಾಶಿವಗಡ" ಅಂತ ಬೆರಳು ತೋರಿಸಿದೆ. ಅದು ಮಾಜಾಳಿ ಕಡೆಯ ಯಾವುದೋ ಗುಡ್ಡ. ಇನ್ನೊಂದು ತೋರಿಸಿದೆ, ಅದೂ ಅಲ್ಲ. ಕಾರವಾರದಲ್ಲೇ ಹುಟ್ಟಿ ಬೆಳೆದವನು ನಾನು. ಟಾಗೋರ್ ಬೀಚಿನಲ್ಲಿ ನಿಂತು ಈ ಸಮುದ್ರವನ್ನು ಸಾವಿರ ಸಲ ನೋಡಿದ್ದೇನೆ, ಸಮುದ್ರದಿಂದ ಊರನ್ನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿಂದ ಪೇಟೆ ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಘಟ್ಟ, ಎಲ್ಲಾ ಒಂದೇ ನೀಲಿ. ಕಾಳಿ ನದಿಯ ಬಾಯಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಸೋಂದೆಯ ಅರಸ ತನ್ನ ತಂದೆಯ ಹೆಸರಿಟ್ಟು ಕಟ್ಟಿಸಿದ ಆ ಕೋಟೆಯ ಗುಡ್ಡ ಕೊನೆಗೆ ಕಂಡಾಗ, ಅಯ್ಯೋ ಇಷ್ಟು ಚಿಕ್ಕದಾ ಅನ್ನಿಸಿತು.

ಮಾಮಾ ಗುಡ್ಡ ನೋಡುತ್ತಲೇ ಇರಲಿಲ್ಲ. ಅವರು ಹುಡುಕುತ್ತಿದ್ದದ್ದು ಆಯ್ಸ್ಟರ್ ರಾಕ್ ದೀಪಸ್ತಂಭ. ಆ ದ್ವೀಪ ಸಿಕ್ಕರೆ ಕೂರ್ಮಗಡ ದ್ವೀಪ ಸಿಗುತ್ತದೆ, ಅದರಾಚೆ ಬಂದರಿನ ಗುಡ್ಡ. ಇನ್ನೂ ದಕ್ಷಿಣಕ್ಕೆ ಅಂಜುದೀವ್. 1498ರಲ್ಲಿ ವಾಸ್ಕೋ ಡ ಗಾಮ ಲಂಗರು ಹಾಕಿದ ದ್ವೀಪ, 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು, ಈಗ ನೌಕಾನೆಲೆಯ ಜಾಗ. ಆ ಕಡೆ ನಮ್ಮಂಥವರು ಸುಳಿಯುವ ಹಾಗಿಲ್ಲ. "ಊರು ನಿಂದು, ದಾರಿ ಹೇಳಬೇಕಾದವನು ನಾನು" ಅಂತ ಮಾಮಾ ನಕ್ಕರು. ಅವರ ಮನೆಯೂ ಇದೇ ಊರಲ್ಲಿ ಅಂತ ನೆನಪಿಸಲು ಹೋಗಲಿಲ್ಲ.

ಬಂದರಿನವರಿಗೆ ರೇಡಿಯೋದಲ್ಲಿ ಹೇಳಿ, ಆರು ಗಂಟೆಗೆ ಗುಡ್ಡದ ಮರೆಯಲ್ಲಿ ಲಂಗರು ಬಿಟ್ಟೆವು. ಐದು ಮೀಟರ್ ನೀರಿಗೆ ಇಪ್ಪತ್ತೈದು ಮೀಟರ್ ಸರಪಳಿ. ಎಂಜಿನ್ ಆ ಐದು ನಿಮಿಷಕ್ಕೆ ಕೈಕೊಡಲಿಲ್ಲ.

ಮನೆಗೆ ಬಂದು ಬಚ್ಚಲಲ್ಲಿ ನಿಂತರೆ ಗೋಡೆ ತೂಗುತ್ತಿತ್ತು. ಗೋಡೆ ಹಿಡಿದುಕೊಂಡೇ ಹೊರಗೆ ಬಂದವನನ್ನು ನೋಡಿ ಅಮ್ಮ, "ಗೋವಾದಿಂದ ಬಂದಿದ್ದೀಯ, ಕುಡಿದಿದ್ದೀಯೇನೋ?" ಅಂದಳು. ಬಲೆಯ ತುಂಡು ತೋರಿಸಿ ನಡೆದದ್ದೆಲ್ಲ ಹೇಳಿದೆ. ಕತೆಯ ಮೇಲೆ ಅವಳಿಗೆ ಅಷ್ಟೇನೂ ಗಮನ ಇರಲಿಲ್ಲ. ಬಲೆಯನ್ನು ಎಳೆದು ನೋಡಿ, ಗಟ್ಟಿ ಇದೆ ಅಂತ ಒಳಗಿಟ್ಟಳು. ಈಗ ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿದೆ.