ಮನೆ ಕೊಳ್ಳುವ ದುಡ್ಡನ್ನು ಎಲ್ಲಿಡಲಿ?

ಬೆಂಗಳೂರಿನಲ್ಲಿ ಫ್ಲಾಟ್ ಕೊಂಡಾಗಿನಿಂದ ಕಚೇರಿಯ ಹುಡುಗರಿಂದ ಹಿಡಿದು ಚಿಕ್ಕಮ್ಮನ ಅಳಿಯನವರೆಗೆ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ: "ಮನೆಗೆಂದು ದುಡ್ಡು ಕೂಡಿಸುತ್ತಿದ್ದೇನೆ, ಎಲ್ಲಿಟ್ಟರೆ ಒಳ್ಳೆಯದು?" ಮೂರು ವರ್ಷದೊಳಗೆ ಕೊಳ್ಳುವುದಿದ್ದರೆ ಬ್ಯಾಂಕಿನ ಆರ್.ಡಿ. (ತಿಂಗಳ ಕಂತಿನ ಠೇವಣಿ), ಎಫ್.ಡಿ. (ನಿಶ್ಚಿತ ಅವಧಿಯ ಠೇವಣಿ), ಅಷ್ಟೇ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ.

ಮೊದಲು ಎಷ್ಟು ಬೇಕು ಎಂಬುದು ತಿಳಿದಿರಲಿ. 60 ಲಕ್ಷದ ಫ್ಲಾಟಿಗೆ ಬ್ಯಾಂಕು ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ ಸಾಲ ಕೊಡುತ್ತದೆ. ಉಳಿದ 12 ಲಕ್ಷ ನಮ್ಮ ಕೈಯಿಂದ. ನೋಂದಣಿಯ ಖರ್ಚು ಈ ಸಾಲದ ಲೆಕ್ಕಕ್ಕೆ ಸೇರುವುದಿಲ್ಲ. ಮುದ್ರಾಂಕ ಶುಲ್ಕ 3 ಲಕ್ಷ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಎಂದು 36 ಸಾವಿರ, ನೋಂದಣಿ ಶುಲ್ಕ 1.2 ಲಕ್ಷ. ಈ ಕೊನೆಯದು 2025ರ ಆಗಸ್ಟ್ ಅಂತ್ಯದವರೆಗೆ ಶೇ. 1 ಇತ್ತು, ಈಗ 2. ಎಲ್ಲ ಸೇರಿ ಹದಿನಾರೂವರೆ ಲಕ್ಷ ದಾಟುತ್ತದೆ. ಹನ್ನೆರಡು ಕೂಡಿಸಿ ನಿರಾಳವಾಗಿ ಕುಳಿತವರು ನನಗೆ ಗೊತ್ತು.

ಷೇರು, ಮ್ಯೂಚುವಲ್ ಫಂಡ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ 2020ರ ಜನವರಿಯಿಂದ ಮಾರ್ಚ್‌ವರೆಗೆ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅದು ಮತ್ತೆ ಏರಿತು, ನಿಜ. ಏರುವವರೆಗೆ ಫ್ಲಾಟಿನ ಮಾಲೀಕ ಕಾಯುತ್ತಾನೆಯೇ?

ನಾನು ಎಡವಿದ್ದು ಷೇರಿನಲ್ಲಲ್ಲ, ಮನೆಯ ಪಕ್ಕದ ಬೀದಿಯ ಪತ್ತಿನ ಸಹಕಾರ ಸಂಘದಲ್ಲಿ. ಬ್ಯಾಂಕಿಗಿಂತ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ, ಹೊಸ ವರ್ಷಕ್ಕೆ ಲಕ್ಷ್ಮಿಯ ಕ್ಯಾಲೆಂಡರ್, ಹೋದಾಗಲೆಲ್ಲ ಕಾಫಿ. ಅವಧಿ ಮುಗಿದ ರಸೀದಿ ಹಿಡಿದು ಹೋದಾಗಲೂ ಕಾಫಿ ಬಂತು. ದುಡ್ಡು ಮಾತ್ರ "ಮುಂದಿನ ತಿಂಗಳು ಬನ್ನಿ ಸಾರ್" ಆಯಿತು. ಏಳು ತಿಂಗಳು ಅಲೆದು, ಮೂರು ಕಂತಿನಲ್ಲಿ ಅಸಲು ಕೈಗೆ ಬಂತು. ಬಡ್ಡಿಯ ಮಾತನ್ನು ನಾನೇ ಎತ್ತಲಿಲ್ಲ.

ಆಮೇಲೆ ತಿಳಿದದ್ದು: ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇಂತಹ ಸಂಘಗಳಿಗಿಲ್ಲ. ಬ್ಯಾಂಕಿನಲ್ಲೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ. ಅದೇ ಬ್ಯಾಂಕಿನ ಬೇರೆ ಶಾಖೆಗೆ ಹೋದರೂ ಲೆಕ್ಕ ಒಂದೇ. ಹಾಗಾಗಿ ನನ್ನ ಹೆಸರಿನಲ್ಲಿ ಎರಡು ಬ್ಯಾಂಕು, ಹೆಂಡತಿಯ ಹೆಸರಿನಲ್ಲಿ ಎರಡು ಎಂದು ಹಂಚಿದೆವು. ಅದನ್ನೂ ಒಂದೇ ಗಂಟು ಮಾಡದೆ ಎರಡೆರಡು ಲಕ್ಷದ ಎಂಟು ಠೇವಣಿಗಳಾಗಿ ಇಟ್ಟೆವು. ಬಡ್ಡಿಗೆ ತೆರಿಗೆ ಹೋಗುತ್ತದೆ, ಬೆಲೆಯೇರಿಕೆಯೂ ಒಂದಿಷ್ಟು ತಿನ್ನುತ್ತದೆ. ತಿನ್ನಲಿ.

ಶುಕ್ರವಾರ ಸಂಜೆ ಮಾಲೀಕರು ಫೋನ್ ಮಾಡಿ, "ನಾಳೆ ಅಡ್ವಾನ್ಸ್ ಕೊಟ್ಟರೆ ನಿಮಗೇ" ಎಂದರು. ಮೊಬೈಲ್‌ನಲ್ಲೇ ಒಂದು ಠೇವಣಿ ಮುರಿದೆ. ಅವಧಿಗೆ ಮುಂಚೆ ಮುರಿದದ್ದಕ್ಕೆ ಸಾವಿರ ಚಿಲ್ಲರೆ ಬಡ್ಡಿ ಕಡಿತವಾಯಿತು. ಉಳಿದ ಏಳು ನೋಂದಣಿಯ ದಿನದವರೆಗೆ ಬಡ್ಡಿ ದುಡಿಯುತ್ತಲೇ ಇದ್ದವು.